ಮಾನಸಿಕ ಕಾಯಿಲೆ ಮತ್ತು ವ್ಯಸನ ಒಟ್ಟಿಗಿರುವವರಿಗೆ ಚಿಕಿತ್ಸೆ ಹಾಗೂ ಸೌಲಭ್ಯಗಳು: ಕಾಮಸಮುದ್ರ ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಾನಸಿಕ ಕಾಯಿಲೆಯುಳ್ಳ ಅನೇಕರಲ್ಲಿ ಮದ್ಯ, ಗಾಂಜಾ, ತಂಬಾಕು ಅಥವಾ ನಿದ್ರೆ ಮಾತ್ರೆಗಳ ವ್ಯಸನವೂ ಜೊತೆಗೂಡಿರುತ್ತದೆ. ಅಂತೆಯೇ ವ್ಯಸನಕ್ಕೆ ಒಳಗಾದ ಅನೇಕರಲ್ಲಿ ಖಿನ್ನತೆ, ಆತಂಕ, ಉನ್ಮಾದ ಅಥವಾ ಸ್ಕಿಜೋಫ್ರೀನಿಯಾದಂತಹ ಕಾಯಿಲೆಗಳು ಇರುತ್ತವೆ. ಇಂತಹವರ ಕುಟುಂಬದವರು ಸಾಮಾನ್ಯವಾಗಿ ಎರಡು ಮಾತುಗಳನ್ನು ಕೇಳಬೇಕಾಗುತ್ತದೆ. "ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಆಮೇಲೆ ಮನಸ್ಸಿನ ಕಾಯಿಲೆ ನೋಡೋಣ" ಎಂಬುದು ಒಂದು. "ಇವರಿಗೆ ಮಾನಸಿಕ ತೊಂದರೆ ಇದೆ, ವ್ಯಸನಮುಕ್ತಿ ಕೇಂದ್ರದಲ್ಲಿ ಇರಿಸಿಕೊಳ್ಳಲು ಬರುವುದಿಲ್ಲ" ಎಂಬುದು ಇನ್ನೊಂದು. ಹೀಗೆ ಎರಡು ಬಾಗಿಲುಗಳ ನಡುವೆ ಅಲೆದು, ಯಾವ ಚಿಕಿತ್ಸೆಯೂ ದೊರೆಯದೆ ಮನೆಗೆ ಮರಳುವವರು ಇದ್ದಾರೆ.

ಎರಡೂ ಕಾಯಿಲೆಗಳಿಗೆ ಒಂದೇ ಕಾಲದಲ್ಲಿ, ಸಾಧ್ಯವಾದಷ್ಟೂ ಒಂದೇ ವೈದ್ಯ ತಂಡದಿಂದ ಚಿಕಿತ್ಸೆ ಕೊಡಿಸಬೇಕೆಂಬುದು ಇಂದಿನ ವೈದ್ಯಶಾಸ್ತ್ರದ ನಿಲುವು. ಒಂದನ್ನು ಮುಗಿಸಿ ಇನ್ನೊಂದನ್ನು ಆರಂಭಿಸಬೇಕೆಂಬ ನಿಯಮ ಇರುವುದಿಲ್ಲ. ಕಾನೂನು ಸಹ ಈ ಎರಡನ್ನೂ ಬೇರ್ಪಡಿಸಿ ನೋಡುವುದಿಲ್ಲ. ಈ ಹಿನ್ನೆಲೆಯಲ್ಲಿ, ಚಿಕಿತ್ಸೆ ಮತ್ತು ಸೌಲಭ್ಯ ಕೋರುವ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಪ್ರದೇಶದ ಪರಿಚಯ

ಕಾಮಸಮುದ್ರವು ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದು, ಬೆಂಗಳೂರು–ಜೋಲಾರಪೇಟೆ ರೈಲು ಮಾರ್ಗದಲ್ಲಿದೆ. ಕೆ.ಜಿ.ಎಫ್. ಪ್ರತ್ಯೇಕ ತಾಲ್ಲೂಕಾದ ನಂತರವೂ ಈ ಹೋಬಳಿಯು ಬಂಗಾರಪೇಟೆ ತಾಲ್ಲೂಕಿನಲ್ಲಿಯೇ ಉಳಿದಿದೆ. ಆದುದರಿಂದ ಕಂದಾಯ ಇಲಾಖೆಯ ಮೂಲಕ ದೊರೆಯುವ ಸೌಲಭ್ಯಗಳಿಗೆ ಈ ಭಾಗದ ನಿವಾಸಿಗಳು ಬಂಗಾರಪೇಟೆ ತಾಲ್ಲೂಕು ವ್ಯಾಪ್ತಿಯಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು. ಚಿಕಿತ್ಸೆಗೆ ಇಂತಹ ಗಡಿ ಇರುವುದಿಲ್ಲ. ಯಾವುದೇ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು.

ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಗಣಿ ಪ್ರದೇಶದ ಹಾಗೂ ಸುತ್ತಲಿನ ಊರುಗಳ ಅನೇಕರು ಕೂಲಿ, ಕಟ್ಟಡ ಕೆಲಸ ಮತ್ತು ಕಾರ್ಖಾನೆ ಕೆಲಸಗಳಿಗಾಗಿ ಪ್ರತಿದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಇಂತಹ ಕುಟುಂಬಕ್ಕೆ ಆಸ್ಪತ್ರೆಯ ಒಂದು ಭೇಟಿಯೆಂದರೆ ರೋಗಿಯ ಒಂದು ದಿನದ ಕೂಲಿ ಮತ್ತು ಜೊತೆಗೆ ಬರುವವರ ಒಂದು ದಿನದ ಕೂಲಿ. ಕುಡಿತಕ್ಕೆ ಒಂದು ಕಡೆ, ಮನಸ್ಸಿನ ಕಾಯಿಲೆಗೆ ಇನ್ನೊಂದು ಕಡೆ ಎಂದು ಅಲೆಯಬೇಕಾಗಿ ಬಂದಲ್ಲಿ ಈ ನಷ್ಟ ಇಮ್ಮಡಿಯಾಗಿ, ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಎರಡಕ್ಕೂ ಒಂದೇ ಕಡೆ ಚಿಕಿತ್ಸೆ ಪಡೆಯುವುದು ಈ ಕಾರಣದಿಂದಲೂ ಮುಖ್ಯವಾಗಿದೆ.

ಸಮಸ್ಯೆಯ ವ್ಯಾಪ್ತಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಅದಕ್ಕೂ ಮೊದಲು ಇದೇ ಸಮೀಕ್ಷೆಯ ಪ್ರಾಯೋಗಿಕ ಹಂತವನ್ನು ಕೋಲಾರ ಜಿಲ್ಲೆಯಲ್ಲಿ ಕೈಗೊಳ್ಳಲಾಗಿತ್ತು. ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದ್ದಿತು. ಮದ್ಯ ಸೇವನೆಯಿಂದ ಕಾಯಿಲೆಗೊಳಗಾದವರಲ್ಲಿ ಶೇ. 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಮಂತ್ರಾಲಯವು 2019ರಲ್ಲಿ ಪ್ರಕಟಿಸಿದ ವರದಿಯಂತೆ, ಮದ್ಯವ್ಯಸನಕ್ಕೆ ಒಳಗಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು.

ಎರಡು ಕಾಯಿಲೆಗಳು ಕೂಡುವ ಬಗೆ

1. ನಿದ್ರೆ ಬಾರದಿರುವುದು, ಭಯ, ದುಃಖ ಅಥವಾ ಕಿವಿಯಲ್ಲಿ ಮಾತು ಕೇಳಿಸುವುದು ಮುಂತಾದ ತೊಂದರೆಗಳನ್ನು ಮರೆಯಲು ಕೆಲವರು ಕುಡಿಯಲು ಆರಂಭಿಸುತ್ತಾರೆ. ಆ ಕ್ಷಣಕ್ಕೆ ಸಮಾಧಾನವಾದಂತೆ ಕಂಡರೂ ಮದ್ಯವು ಖಿನ್ನತೆಯನ್ನು ಹೆಚ್ಚಿಸಿ ನಿದ್ರೆಯನ್ನು ಕೆಡಿಸುತ್ತದೆ.

2. ಬಹುಕಾಲದ ಕುಡಿತದಿಂದಲೇ ಖಿನ್ನತೆ, ಅತಿಯಾದ ಸಂಶಯ, ಇಲ್ಲದ ಧ್ವನಿ ಕೇಳಿಸುವುದು ಹಾಗೂ ಮರೆವು ಉಂಟಾಗಬಹುದು. ಪತ್ನಿಯ ಶೀಲದ ಮೇಲಿನ ಆಧಾರವಿಲ್ಲದ ಸಂಶಯವು ಅನೇಕ ವೇಳೆ ಹೀಗೆ ಬರುವ ಕಾಯಿಲೆಯ ಲಕ್ಷಣವಾಗಿರುತ್ತದೆ. ಅದನ್ನು ಸ್ವಭಾವದೋಷವೆಂದು ಬಿಟ್ಟುಬಿಡಬಾರದು. ಅದರಿಂದ ಹಿಂಸೆಯ ಅಪಾಯವೂ ಇರುತ್ತದೆ.

3. ಗಾಂಜಾ ಸೇವನೆಯು ಸ್ಕಿಜೋಫ್ರೀನಿಯಾದಂತಹ ಕಾಯಿಲೆಗಳ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಹಾಗೂ ಈಗಾಗಲೇ ಕಾಯಿಲೆ ಇರುವವರಲ್ಲಿ ಅದನ್ನು ಮರುಕಳಿಸುವಂತೆ ಮಾಡುತ್ತದೆ. ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಈ ಅಪಾಯ ಹೆಚ್ಚು.

4. ಮಾನಸಿಕ ಕಾಯಿಲೆಗೆ ಮಾತ್ರೆ ಸೇವಿಸುತ್ತಿರುವವರು "ಮಾತ್ರೆ ನುಂಗಿ ಕುಡಿಯಬಾರದು" ಎಂಬ ಭಯದಿಂದ ಕುಡಿದ ದಿನಗಳಂದು ಮಾತ್ರೆ ಬಿಡುತ್ತಾರೆ. ದಿನಗಳು ವಾರಗಳಾಗಿ ಕಾಯಿಲೆ ಮರಳುತ್ತದೆ. ಕುಡಿದ ದಿನ ಯಾವ ಮಾತ್ರೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಮದ್ಯದೊಂದಿಗೆ ನಿದ್ರೆ ಮಾತ್ರೆ ಸೇರಿದಲ್ಲಿ ಉಸಿರಾಟಕ್ಕೆ ಅಪಾಯವಿರುವುದರಿಂದ ಈ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

ಯಾವುದು ಮೊದಲು ಬಂತು ಎಂಬ ಪ್ರಶ್ನೆ

ಕುಡಿತದಿಂದ ಕಾಯಿಲೆಯೋ, ಕಾಯಿಲೆಯಿಂದ ಕುಡಿತವೋ ಎಂಬುದನ್ನು ತೀರ್ಮಾನಿಸುವುದು ಕುಟುಂಬದ ಹೊಣೆಯಲ್ಲ. ವೈದ್ಯರು ಸಾಮಾನ್ಯವಾಗಿ ಮದ್ಯ ಸಂಪೂರ್ಣ ನಿಂತ ನಂತರ ಸುಮಾರು ಒಂದು ತಿಂಗಳ ಕಾಲ ಗಮನಿಸುತ್ತಾರೆ. ಕುಡಿತದಿಂದ ಬಂದ ಖಿನ್ನತೆಯು ಈ ಅವಧಿಯಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ನಂತರವೂ ಉಳಿದಲ್ಲಿ ಅದು ಪ್ರತ್ಯೇಕ ಕಾಯಿಲೆಯಾಗಿರುವ ಸಾಧ್ಯತೆ ಹೆಚ್ಚು.

ಈ ಭಾಗದಲ್ಲಿ ಅಯ್ಯಪ್ಪ ಮಾಲೆ ಧರಿಸುವವರು ವ್ರತದ 41 ದಿನಗಳ ಕಾಲ ಮದ್ಯ ಮುಟ್ಟುವುದಿಲ್ಲ. ಈ ಅವಧಿಯಲ್ಲಿ ವ್ಯಕ್ತಿಯ ನಿದ್ರೆ, ಊಟ, ಮಾತು ಮತ್ತು ಮನಸ್ಥಿತಿ ಹೇಗಿದ್ದವೆಂಬುದು ವೈದ್ಯರಿಗೆ ಬಹಳ ಉಪಯುಕ್ತವಾದ ಮಾಹಿತಿ. "ಮಾಲೆ ಹಾಕಿದ್ದಾಗಲೂ ಒಬ್ಬನೇ ಮಾತನಾಡಿಕೊಳ್ಳುತ್ತಿದ್ದರು" ಅಥವಾ "ಮಾಲೆಯ ದಿನಗಳಲ್ಲಿ ಪೂರ್ತಿ ಸರಿಯಿದ್ದರು" ಎಂಬ ಒಂದು ಮಾತು ರೋಗ ಗುರುತಿಸಲು ನೆರವಾಗುತ್ತದೆ. ಕುಟುಂಬದವರು ಇದನ್ನು ತಪ್ಪದೆ ತಿಳಿಸತಕ್ಕದ್ದು. ಆದರೆ ಈ ಗಮನಿಸುವಿಕೆಯ ನೆಪದಲ್ಲಿ ಚಿಕಿತ್ಸೆಯನ್ನು ಮುಂದೂಡಬಾರದು. ಆತ್ಮಹತ್ಯೆಯ ಆಲೋಚನೆ, ಭ್ರಮೆ ಅಥವಾ ಹಿಂಸೆ ಇದ್ದಲ್ಲಿ ಅಂದೇ ಚಿಕಿತ್ಸೆ ಆರಂಭವಾಗಬೇಕು.

ಮದ್ಯವನ್ನು ಒಮ್ಮೆಲೇ ನಿಲ್ಲಿಸುವ ಬಗ್ಗೆ ಎಚ್ಚರಿಕೆ

ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ಕುಡಿಯುವವರು ಮಾಲೆ, ಹರಕೆ, ಶಿಬಿರ ಅಥವಾ ಮನೆಯವರ ಒತ್ತಾಯದಿಂದ ಒಮ್ಮೆಲೇ ನಿಲ್ಲಿಸಿದಾಗ ಕೆಳಕಂಡ ಲಕ್ಷಣಗಳು ಕಾಣಿಸಬಹುದು.

1. ಮೊದಲ ದಿನ: ಕೈ ನಡುಕ, ಬೆವರು, ವಾಂತಿ, ಗಾಬರಿ, ನಿದ್ರಾಹೀನತೆ.
2. ಮೊದಲ ಎರಡು ದಿನಗಳೊಳಗೆ: ಕೆಲವರಲ್ಲಿ ಫಿಟ್ಸ್.
3. ಎರಡರಿಂದ ನಾಲ್ಕನೆಯ ದಿನದೊಳಗೆ: ಕೆಲವರಲ್ಲಿ ಸನ್ನಿ. ಜ್ವರ, ಜನರ ಗುರುತು ತಪ್ಪುವುದು, ಹುಳ ಹರಿದಾಡಿದಂತೆ ಕಾಣುವುದು, ರಾತ್ರಿ ಎದ್ದು ಓಡುವುದು.

ಇದನ್ನು ದೆವ್ವದ ಚೇಷ್ಟೆಯೆಂದೋ ಹಳೆಯ ಮಾನಸಿಕ ಕಾಯಿಲೆ ಮರಳಿತೆಂದೋ ತಪ್ಪಾಗಿ ತಿಳಿಯುವುದುಂಟು. ಇದು ಪ್ರಾಣಾಪಾಯದ ಸ್ಥಿತಿಯಾಗಿದ್ದು, ಕೂಡಲೇ 108 ಆಂಬ್ಯುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸತಕ್ಕದ್ದು. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದಿದ್ದವರು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಮಾಲೆ ಧರಿಸುವ ಸಂಕಲ್ಪವಿದ್ದಲ್ಲಿ ಒಂದು ವಾರ ಮುಂಚಿತವಾಗಿ ವೈದ್ಯರನ್ನು ಕಂಡು ಮಾತ್ರೆ ಪಡೆದಲ್ಲಿ ವ್ರತವೂ ನಡೆಯುತ್ತದೆ, ಜೀವಕ್ಕೂ ಅಪಾಯವಿರುವುದಿಲ್ಲ. ಮದ್ಯವರ್ಜನ ಶಿಬಿರಕ್ಕೆ ಸೇರುವವರು ತಮ್ಮ ಮಾನಸಿಕ ಕಾಯಿಲೆಯನ್ನು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ಶಿಬಿರದ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಶಿಬಿರದ ಅವಧಿಯಲ್ಲಿ ಆ ಮಾತ್ರೆಗಳನ್ನು ನಿಲ್ಲಿಸಬಾರದು.

ಕುಡಿತ ಬಿಡಿಸುವ ಪುಡಿ ಅಥವಾ ಮಾತ್ರೆಯನ್ನು ರೋಗಿಗೆ ತಿಳಿಯದಂತೆ ಕಾಫಿ, ಸಾರಿನಲ್ಲಿ ಬೆರೆಸುವುದು ಅಪಾಯಕರ. ಡೈಸಲ್ಫಿರಾಮ್ ಮಾತ್ರೆಯ ಮೇಲೆ ಮದ್ಯ ಸೇವಿಸಿದಲ್ಲಿ ತೀವ್ರ ಅಸ್ವಸ್ಥತೆಯುಂಟಾಗುತ್ತದೆ; ಭ್ರಮೆಯ ಕಾಯಿಲೆ ಇರುವವರಲ್ಲಿ ಅದು ಕಾಯಿಲೆಯನ್ನೇ ಉಲ್ಬಣಿಸಬಹುದು. ಅದನ್ನು ರೋಗಿಯ ಒಪ್ಪಿಗೆಯಿಂದ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ನೀಡಬೇಕು.

ಚಿಕಿತ್ಸೆ ದೊರೆಯುವ ಸ್ಥಳಗಳು

1. ದೂರವಾಣಿ ಮೂಲಕ: ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಅಥವಾ 1800-891-4416. ಇದು 2022ರ ಅಕ್ಟೋಬರ್ 10ರಂದು ಆರಂಭವಾಗಿದ್ದು ದಿನದ 24 ಗಂಟೆಯೂ ಲಭ್ಯವಿದೆ. ಕನ್ನಡ, ತೆಲುಗು, ತಮಿಳು ಮೂರರಲ್ಲಿಯೂ ಸೇವೆ ಇರುವುದರಿಂದ ಈ ಗಡಿ ಭಾಗದವರು ಮನೆಮಾತಿನಲ್ಲಿಯೇ ಮಾತನಾಡಬಹುದು. ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14446.

2. ಸ್ಥಳೀಯವಾಗಿ: ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಆಶಾ ಕಾರ್ಯಕರ್ತೆಯರನ್ನು ಮೊದಲು ಸಂಪರ್ಕಿಸಬಹುದು. ಪ್ರಾಥಮಿಕ ಕೇಂದ್ರಗಳ ವೈದ್ಯರಿಂದಲೇ ಮಾನಸಿಕ ಚಿಕಿತ್ಸೆ ಕೊಡಿಸುವ ಪದ್ಧತಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು.

3. ತಾಲ್ಲೂಕು ಮಟ್ಟದಲ್ಲಿ: ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುತ್ತಾರೆ. ಭೇಟಿಯ ದಿನವನ್ನು ಬಂಗಾರಪೇಟೆಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಸೂಕ್ತ. ಇದರಿಂದ ಒಂದು ದಿನದ ಕೂಲಿ ಉಳಿಯುತ್ತದೆ.

4. ಜಿಲ್ಲಾ ಮಟ್ಟದಲ್ಲಿ: ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ.

5. ಉನ್ನತ ಚಿಕಿತ್ಸೆ: ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್. ಈ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ವ್ಯಸನಕ್ಕೂ ಅದರೊಂದಿಗಿನ ಮಾನಸಿಕ ಕಾಯಿಲೆಗೂ ಒಟ್ಟಿಗೆ ಚಿಕಿತ್ಸೆ ನೀಡಲಾಗುತ್ತದೆ. ಪಡಿತರ ಚೀಟಿ, ಆಧಾರ್ ಮತ್ತು ಹಿಂದಿನ ಎಲ್ಲ ಚಿಕಿತ್ಸಾ ಚೀಟಿಗಳನ್ನು ಜೊತೆಯಲ್ಲಿ ತರತಕ್ಕದ್ದು.

ವೈದ್ಯರ ಬಳಿ ಎರಡು ಸಂಗತಿಗಳನ್ನೂ ಒಂದೇ ಭೇಟಿಯಲ್ಲಿ ಹೇಳತಕ್ಕದ್ದು. ಮಾನಸಿಕ ಚಿಕಿತ್ಸೆಗೆ ಹೋದಾಗ ಕುಡಿತವನ್ನು ಮುಚ್ಚಿಡುವುದು, ಕುಡಿತಕ್ಕೆ ಹೋದಾಗ ಮಾನಸಿಕ ಕಾಯಿಲೆಯನ್ನು ಮುಚ್ಚಿಡುವುದು ಸಾಮಾನ್ಯ. ಅರ್ಧ ಮಾಹಿತಿಯ ಮೇಲೆ ನೀಡಿದ ಚಿಕಿತ್ಸೆ ಅರ್ಧ ಫಲವನ್ನೇ ಕೊಡುತ್ತದೆ.

ಕಾನೂನಿನಡಿ ಇರುವ ಹಕ್ಕುಗಳು

ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮ, 2017 ಇದು 2018ರಿಂದ ಜಾರಿಯಲ್ಲಿದೆ. ಇದರ ಮುಖ್ಯಾಂಶಗಳು ಕೆಳಕಂಡಂತಿವೆ.

1. ಅಧಿನಿಯಮದ 2ನೇ ಪ್ರಕರಣದಲ್ಲಿರುವ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿಯೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಸೇರಿವೆ. ಆದುದರಿಂದ "ಇದು ಕುಡಿತ, ಕಾಯಿಲೆಯಲ್ಲ" ಎಂಬ ಮಾತಿಗೆ ಕಾನೂನಿನ ಆಧಾರವಿರುವುದಿಲ್ಲ.

2. 18ನೇ ಪ್ರಕರಣದಂತೆ ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಸೇವೆಗಳಿಂದ ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಬಡತನ ರೇಖೆಗಿಂತ ಕೆಳಗಿರುವವರು, ಬಿ.ಪಿ.ಎಲ್. ಚೀಟಿ ಇರಲಿ ಇಲ್ಲದಿರಲಿ, ಹಾಗೂ ನಿರ್ಗತಿಕರು ಮತ್ತು ಮನೆಯಿಲ್ಲದವರು ಉಚಿತ ಚಿಕಿತ್ಸೆಗೆ ಅರ್ಹರು.

3. ರೋಗಿಯ ವಿವರಗಳನ್ನು ಗೋಪ್ಯವಾಗಿಡತಕ್ಕದ್ದು. ರೋಗಿಯು ತನ್ನ ಚಿಕಿತ್ಸಾ ದಾಖಲೆಗಳನ್ನು ಕೇಳಿ ಪಡೆಯಬಹುದು.

4. ಯಾರನ್ನೂ ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದು ನಿಷಿದ್ಧ.

5. ವಿಮಾ ಕಂಪನಿಗಳು ದೈಹಿಕ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗಳ ಚಿಕಿತ್ಸೆಗೂ ವಿಮೆ ಒದಗಿಸತಕ್ಕದ್ದು.

6. ರೋಗಿಯು ತನ್ನ ಪರವಾಗಿ ತೀರ್ಮಾನಗಳಲ್ಲಿ ನೆರವಾಗಲು ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಬಹುದು. ಕಾಯಿಲೆ ಹತೋಟಿಯಲ್ಲಿದ್ದಾಗ ಈ ನೇಮಕ ಮಾಡಿಡುವುದು ಒಳಿತು.

ಮಾದಕ ವಸ್ತುಗಳ ಸೇವನೆಗಾಗಿ ಪೊಲೀಸ್ ಮೊಕದ್ದಮೆಯ ಭಯದಿಂದ ಚಿಕಿತ್ಸೆಗೆ ಹಿಂಜರಿಯುವವರ ಗಮನಕ್ಕೆ: ಸೇವನೆ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಕೋರಿ ಅದನ್ನು ಪೂರ್ಣಗೊಳಿಸಿದಲ್ಲಿ, 1985ರ ಮಾದಕ ವಸ್ತುಗಳ ಅಧಿನಿಯಮದ 64ಎ ಪ್ರಕರಣವು ಅಭಿಯೋಜನೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಲ್ಲಿ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಉಚಿತ ಕಾನೂನು ನೆರವಿಗಾಗಿ 15100 ಸಂಖ್ಯೆಗೆ ಕರೆ ಮಾಡಬಹುದು.

ವಿಕಲಚೇತನರ ಗುರುತಿನ ಚೀಟಿ ಮತ್ತು ಮಾಸಾಶನ

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಡಿ ಗುರುತಿಸಲಾದ 21 ಬಗೆಯ ವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆಯುಳ್ಳವರು ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಸಂವಹನ ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಗಳಲ್ಲಿನ ತೊಂದರೆಯನ್ನೂ ಕಾಯಿಲೆಯ ಅವಧಿಯನ್ನೂ ಪರಿಗಣಿಸಿ ವಿಕಲತೆಯ ಪ್ರಮಾಣವನ್ನು ನಿರ್ಧರಿಸಲಾಗುತ್ತದೆ.

ಇಲ್ಲಿ ಪರಿಗಣಿಸುವುದು ಮಾನಸಿಕ ಕಾಯಿಲೆಯಿಂದಾದ ವಿಕಲತೆಯನ್ನು. ವ್ಯಸನವೂ ಇರುವವರ ಕಡತದಲ್ಲಿ ಕುಡಿತದ ಉಲ್ಲೇಖ ಮಾತ್ರ ಇದ್ದು ಮೂಲ ಕಾಯಿಲೆಯ ಹೆಸರೇ ಇಲ್ಲದಿರುವುದುಂಟು. ಅಂತಹ ಕಡತದಿಂದ ಅರ್ಜಿದಾರರಿಗೆ ತೊಂದರೆಯಾಗುತ್ತದೆ. ಆದುದರಿಂದ ಮನೋವೈದ್ಯರಿಂದ ಎರಡೂ ಕಾಯಿಲೆಗಳ ಹೆಸರು, ಆರಂಭವಾದ ವರ್ಷ ಹಾಗೂ ಚಿಕಿತ್ಸೆಯ ಅವಧಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳತಕ್ಕದ್ದು.

ಅರ್ಜಿದಾರರು ಅನುಸರಿಸಬೇಕಾದ ಕ್ರಮ:

1. ವಿಶಿಷ್ಟ ಗುರುತಿನ ಚೀಟಿಗಾಗಿ (ಯು.ಡಿ.ಐ.ಡಿ.) ಸ್ವಾವಲಂಬನ್ ಅಂತರ್ಜಾಲ ತಾಣದಲ್ಲಿ ಅರ್ಜಿ ಸಲ್ಲಿಸುವುದು.
2. ಸೂಚಿಸಿದ ದಿನದಂದು ಚಿಕಿತ್ಸಾ ದಾಖಲೆಗಳೊಂದಿಗೆ ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗುವುದು. ಮನೆಯಲ್ಲಿ ರೋಗಿಯ ದಿನನಿತ್ಯದ ಸ್ಥಿತಿಯನ್ನು ಬಲ್ಲ ಒಬ್ಬರು ಜೊತೆಗಿರುವುದು ಅಗತ್ಯ.
3. ಗುರುತಿನ ಚೀಟಿ ದೊರೆತ ನಂತರ ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಹಾಗೂ ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕದೊಂದಿಗೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು.

ವ್ಯಸನಮುಕ್ತಿ ಕೇಂದ್ರವನ್ನು ಆಯ್ಕೆ ಮಾಡುವಾಗ

ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು ಈ ಪ್ರಶ್ನೆಗಳನ್ನು ಕೇಳತಕ್ಕದ್ದು. ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮದಡಿ ಕೇಂದ್ರವು ನೋಂದಣಿಯಾಗಿದೆಯೇ? ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಈಗ ನಡೆಯುತ್ತಿರುವ ಮಾತ್ರೆಗಳನ್ನು ಮುಂದುವರಿಸುತ್ತಾರೆಯೇ? ಮನೆಯವರು ಬಂದು ನೋಡಲು, ದೂರವಾಣಿಯಲ್ಲಿ ಮಾತನಾಡಲು ಅವಕಾಶವಿದೆಯೇ? ಒಟ್ಟು ವೆಚ್ಚಕ್ಕೆ ರಸೀದಿ ನೀಡುತ್ತಾರೆಯೇ? ಹೊಡೆಯುವುದು, ಕಟ್ಟಿಹಾಕುವುದು, ಮಾತ್ರೆ ನಿಲ್ಲಿಸುವುದು ಚಿಕಿತ್ಸೆಯೆನಿಸುವುದಿಲ್ಲ. ಇಂತಹ ಉತ್ತರ ದೊರೆತಲ್ಲಿ ರೋಗಿಯನ್ನು ಸೇರಿಸಬಾರದು.

ಕುಟುಂಬದವರಿಗೆ ಸೂಚನೆಗಳು

1. ಕುಡಿದಿರುವಾಗ ವಾದ ಮಾಡದೆ, ಮರುದಿನ ಬೆಳಿಗ್ಗೆ ಶಾಂತವಾಗಿ ಮಾತನಾಡುವುದು.
2. ಮಾತ್ರೆಗಳನ್ನು ಮನೆಯ ಒಬ್ಬರು ಜೋಪಾನವಾಗಿಟ್ಟು ಪ್ರತಿದಿನ ಎಣಿಸಿ ಕೊಡುವುದು. ಮುಂಜಾನೆ ರೈಲಿಗೆ ಹೊರಡುವವರು ಮಾತ್ರೆಯ ಸಮಯವನ್ನು ಕೆಲಸಕ್ಕೆ ಹೊಂದುವಂತೆ ವೈದ್ಯರಿಂದ ಬದಲಾಯಿಸಿಕೊಳ್ಳಬಹುದು.
3. ಬೆಳೆಗೆ ಸಿಂಪಡಿಸುವ ಕೀಟನಾಶಕಗಳನ್ನು ಬೀಗ ಹಾಕಿಡುವುದು. ಖಿನ್ನತೆ ಮತ್ತು ಮದ್ಯ ಕೂಡಿದಾಗ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ. ಒಂದು ಬೀಗವು ಆ ಕ್ಷಣವನ್ನು ದಾಟಿಸಬಲ್ಲದು.
4. ಮತ್ತೆ ಕುಡಿದಲ್ಲಿ ಚಿಕಿತ್ಸೆ ವ್ಯರ್ಥವಾಯಿತೆಂದು ಭಾವಿಸಬಾರದು. ಮರುಕಳಿಕೆಯು ಈ ಕಾಯಿಲೆಗಳ ಲಕ್ಷಣವಾಗಿದೆ. ಮುಂದಿನ ತಾರೀಖಿನವರೆಗೆ ಕಾಯದೆ ಅದೇ ವೈದ್ಯರಲ್ಲಿಗೆ ಮರಳತಕ್ಕದ್ದು. ಕುಡಿದೆನೆಂಬ ನಾಚಿಕೆಯಿಂದ ಆಸ್ಪತ್ರೆಗೆ ಹೋಗದಿರುವುದೇ ಹೆಚ್ಚಿನ ಹಾನಿ.
5. ಹಿಂಸೆ ನಡೆದಲ್ಲಿ ಕಾಯಿಲೆಯ ಕಾರಣಕ್ಕೆ ಸಹಿಸಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಸೇವೆ 112 ಸಂಪರ್ಕಿಸಬಹುದು. ಆರೈಕೆ ಮಾಡುವವರು ತಮ್ಮ ದಣಿವು, ದುಃಖಗಳಿಗೂ 14416ಕ್ಕೆ ಕರೆ ಮಾಡಬಹುದು.

ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾದ ಸಂದರ್ಭಗಳು

ಸಾಯುವ ಮಾತನಾಡುವುದು ಅಥವಾ ಪ್ರಯತ್ನಿಸುವುದು; ಫಿಟ್ಸ್; ಜ್ವರದೊಂದಿಗೆ ಗುರುತು ತಪ್ಪುವುದು; ಎಬ್ಬಿಸಿದರೂ ಏಳದಿರುವುದು; ಊಟ, ನೀರು ಬಿಡುವುದು; ತನಗೆ ಅಥವಾ ಇತರರಿಗೆ ಅಪಾಯ ಮಾಡುವುದು. ಈ ಸಂದರ್ಭಗಳಲ್ಲಿ 108ಕ್ಕೆ ಕರೆ ಮಾಡತಕ್ಕದ್ದು. ಅಂತಹ ಸಮಯದಲ್ಲಿ ಕುಡಿದಿರುವರೆಂಬ ಕಾರಣಕ್ಕೆ ತಡಮಾಡಬಾರದು.

ಮಾನಸಿಕ ಕಾಯಿಲೆ ಮತ್ತು ವ್ಯಸನ ಎರಡೂ ಇರುವ ವ್ಯಕ್ತಿಯು ಎರಡು ತಪ್ಪು ಮಾಡಿದವನಲ್ಲ, ಎರಡು ಕಾಯಿಲೆಗಳುಳ್ಳ ಒಬ್ಬನೇ ರೋಗಿ. ಮಾತ್ರೆ, ಆಪ್ತಸಮಾಲೋಚನೆ ಮತ್ತು ಮನೆಯವರ ಸಹಕಾರ ನಿಲ್ಲದೆ ನಡೆದಲ್ಲಿ ಕೆಲಸಕ್ಕೆ ಮರಳಿ ಸಂಸಾರ ನಡೆಸುವುದು ಸಾಧ್ಯವಿದೆ. ಕಾಮಸಮುದ್ರ ಹೋಬಳಿಯ ಸಾರ್ವಜನಿಕರು ಮೇಲ್ಕಂಡ ಸೇವೆಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.